ಯಾವ ಕಂಟ್ರೋಲು?

ಪೀಣ್ಯದ ಯಾವ ಅಡ್ಡರಸ್ತೆಯಲ್ಲಿ ನಡೆದರೂ ಗೇಟಿನ ಮೇಲೋ ಲೈಟುಕಂಬದ ಮೇಲೋ ಒಂದು ಹಾಳೆ ಅಂಟಿಸಿರುತ್ತದೆ: ‘ಸಿಎನ್‌ಸಿ, ವಿಎಂಸಿ ಆಪರೇಟರ್‌ಗಳು, ಸೆಟ್ಟರ್‌ಗಳು ಬೇಕಾಗಿದ್ದಾರೆ.’ ಅದರ ಮೇಲೆ ಪಿ.ಜಿ.ಯವರ ಹಾಳೆ, ಅದರ ಮೇಲೆ ಬೋರ್‌ವೆಲ್‌ನವರ ಹಾಳೆ. ಕೊನೆಗೆ ‘ಬೇಕಾಗಿದ್ದಾರೆ’ ಅನ್ನುವುದಷ್ಟೇ ಕಾಣುತ್ತಿರುತ್ತದೆ. ಅದನ್ನೇ ನಂಬಿ ಒಳಗೆ ಹೋದ ಹುಡುಗನನ್ನು ಸೂಪರ್‌ವೈಸರ್ ಮೊದಲು ಕೇಳುವುದು ಊರನ್ನಲ್ಲ, ಓದನ್ನಲ್ಲ. “ಯಾವ ಕಂಟ್ರೋಲ್ ಮಾಡಿದ್ದೀಯಪ್ಪಾ?” ಫ್ಯಾನುಕ್ ಅಂದರೆ ಒಂದು ಮುಖ, ಸೀಮೆನ್ಸ್ ಅಂದರೆ ಇನ್ನೊಂದು ಮುಖ, ಎರಡೂ ಬರುತ್ತೆ ಅಂದರೆ ಅನುಮಾನದ ಮುಖ. ಸಂಬಂಧ ಕುದುರಿಸಲು ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಗೋತ್ರ ಕೇಳುತ್ತಾರಲ್ಲ, ಹಾಗೆ. ಉತ್ತರ ಏನೇ ಬರಲಿ, ಹುಡುಗನನ್ನು ಸೇರಿಸಿಕೊಳ್ಳುತ್ತಾರೆ. ಜನ ಸಿಗುವುದಿಲ್ಲವಲ್ಲ.

ನಾನು ಮಷೀನ್ ಓಡಿಸುವವನಲ್ಲ, ಇನ್‌ಸ್ಪೆಕ್ಷನ್‌ನವನು. ಬೇರೆಯವರು ಬೆವರು ಸುರಿಸಿ ಮಾಡಿದ ಜಾಬನ್ನು ತಣ್ಣನೆಯ ಕೋಣೆಯಲ್ಲಿ ಕೂತು ಮೈಕ್ರೋಮೀಟರ್ ಹಿಡಿದು ಅಳೆದು, “ಇಪ್ಪತ್ತು ಮೈಕ್ರಾನ್ ಅಂಡರ್‌ಸೈಜ್” ಎಂದು ಹೇಳಿ ಸಂಬಳ ತೆಗೆದುಕೊಳ್ಳುವವನು. ಈ ಕೆಲಸದಲ್ಲಿ ಸ್ನೇಹಿತರು ಕಡಿಮೆ, ಕಥೆಗಳು ಜಾಸ್ತಿ. ರಿಜೆಕ್ಟ್ ಆದ ಒಂದೊಂದು ಜಾಬಿನ ಹಿಂದೆಯೂ ಒಂದು ವಿವರಣೆ ನಡೆದುಕೊಂಡು ಬರುತ್ತದೆ. ಇನ್ಸರ್ಟ್ ಸರಿಯಿಲ್ಲ, ಮೆಟೀರಿಯಲ್ ಗಟ್ಟಿ, ಕೂಲೆಂಟ್ ನೀರಾಗಿದೆ, ಬೆಳಿಗ್ಗೆ ಮಷೀನ್ ಇನ್ನೂ ಬಿಸಿಯಾಗಿರಲಿಲ್ಲ. ಇವೆಲ್ಲ ಖರ್ಚಾದ ಮೇಲೆ ಕೊನೆಯ ಅಸ್ತ್ರ ಹೊರಬೀಳುತ್ತದೆ: “ಈ ಕಂಟ್ರೋಲೇ ಹಿಂಗೆ ಸಾರ್. ನಾನು ಮೊದಲಿದ್ದ ಕಂಪನೀಲಿ ಬೇರೆ ಕಂಟ್ರೋಲಿತ್ತು, ಒಂದ್ ದಿನ ಒಂದ್ ಪೀಸ್ ಹೋಗ್ಲಿಲ್ಲ.” ಆ ಮೊದಲಿದ್ದ ಕಂಪನಿ ಎಂಬುದು ಪೀಣ್ಯದ ಸ್ವರ್ಗಲೋಕ. ಅಲ್ಲಿಂದ ಬಂದವರಿದ್ದಾರೆಯೇ ಹೊರತು ಅಲ್ಲಿಗೆ ವಾಪಸ್ಸು ಹೋದವರನ್ನು ನಾನು ಕಂಡಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಸಿಎನ್‌ಸಿ ಮಷೀನಿನಲ್ಲಿ ಇಬ್ಬರ ಸಂಸಾರವಿದೆ. ಒಂದು ಕಬ್ಬಿಣದ ಪಾಲು: ಬೆಡ್ಡು, ಸ್ಪಿಂಡಲ್ಲು, ಚಕ್ಕು, ಟೂಲುಗಳನ್ನು ಹೊತ್ತು ತಿರುಗುವ ಟರೆಟ್ಟು. ಇದನ್ನು ನಮ್ಮ ಪೀಣ್ಯದಲ್ಲೇ ಮಾಡುತ್ತಾರೆ. ಕೊಯಮತ್ತೂರಿನಲ್ಲಿ, ರಾಜ್‌ಕೋಟ್‌ನಲ್ಲಿ ಮಾಡುತ್ತಾರೆ. ಇನ್ನೊಂದು, ಬಾಗಿಲ ಪಕ್ಕದ ಪರದೆ, ಗುಂಡಿಗಳು, ಅವುಗಳ ಹಿಂದಿರುವ ಕಂಪ್ಯೂಟರು, ಮೋಟರುಗಳನ್ನು ಕುಣಿಸುವ ಡ್ರೈವುಗಳು. ಇದು ಕಂಟ್ರೋಲು. ಇದು ಹೆಚ್ಚಾಗಿ ಜಪಾನಿನದು, ಇಲ್ಲದಿದ್ದರೆ ಜರ್ಮನಿಯದು. ಒಂದೇ ಮಾಡೆಲ್ಲಿನ ಲೇತನ್ನು ಫ್ಯಾನುಕ್ ಹಾಕಿಸಿಯೂ ಕೊಳ್ಳಬಹುದು, ಸೀಮೆನ್ಸ್ ಹಾಕಿಸಿಯೂ ಕೊಳ್ಳಬಹುದು. ಎರಡಕ್ಕೂ ಬರೆಯುವುದು ಜಿ ಕೋಡು, ಎಂ ಕೋಡು. ಜಿ 0 ಅಂದರೆ ಜೋರಾಗಿ ಓಡು, ಜಿ 1 ಅಂದರೆ ಕೊರೆಯುತ್ತ ಹೋಗು, ಎಂ 3 ಅಂದರೆ ಸ್ಪಿಂಡಲ್ ತಿರುಗಲಿ, ಎಂ 8 ಅಂದರೆ ಕೂಲೆಂಟ್ ಬರಲಿ, ಎಂ 30 ಅಂದರೆ ಕಥೆ ಮುಗಿಯಿತು. ಇಷ್ಟರಮಟ್ಟಿಗೆ ಎಲ್ಲರೂ ಅಣ್ಣತಮ್ಮಂದಿರು. ಪಾಲು ಜಗಳ ಶುರುವಾಗುವುದು ಇದರ ನಂತರ.

ನಮ್ಮ ಶಾಪಿನ ಹಿರಿಯ ಸೆಟ್ಟರ್ ಫ್ಯಾನುಕ್ ಪಕ್ಷದವರು. ಅವರು ಕೆಲಸ ಕಲಿತದ್ದು ಹರಿಹರದ ಕಿರ್ಲೋಸ್ಕರ್ ಲೇತಿನ ಮೇಲೆ. ಆ ಲೇತಿಗೆ ಕಂಟ್ರೋಲು ಅಂದರೆ ಎರಡು ಕೈಚಕ್ರ, ಒಂದು ಲಿವರು ಮತ್ತು ಹಿಂದೆ ನಿಂತ ಮೇಸ್ತ್ರಿಯ ಬೈಗುಳ. ಅಲ್ಲಿಂದ ನೇರ ಫ್ಯಾನುಕ್‌ಗೆ ಬಂದವರಾದ್ದರಿಂದ ಅವರ ಪ್ರಪಂಚದಲ್ಲಿ ಮೂರನೆಯದಕ್ಕೆ ಜಾಗವಿಲ್ಲ. ಅವರನ್ನು ಎಲ್ಲರೂ ‘ಅಣ್ಣ’ ಅನ್ನುತ್ತಾರೆ, ಅವರಿಗಿಂತ ದೊಡ್ಡವರಾದ ಸ್ಟೋರ್ಸಿನವರೂ ಕೂಡ. ಫ್ಯಾನುಕ್ಕಿನ ಗುಣವೇನು ಎಂದು ಕೇಳಿದರೆ ಅಣ್ಣ ಹೇಳುವುದು ಒಂದೇ ಮಾತು: “ಅದು ಜಾಸ್ತಿ ಮಾತಾಡಲ್ಲ.”

ನಿಜ. ಅದು ಮಿತಭಾಷಿಯೇ. ತಪ್ಪು ಬರೆದರೆ ಪರದೆಯ ಮೇಲೆ ಹತ್ತನೇ ನಂಬರಿನ ಅಲಾರಂ ಬರುತ್ತದೆ: ‘ಇಂಪ್ರಾಪರ್ ಜಿ-ಕೋಡ್’. ಯಾಕೆ ಇಂಪ್ರಾಪರ್ರು, ಏನು ಬರೆಯಬೇಕಿತ್ತು ಅನ್ನುವುದೆಲ್ಲ ನಿಮ್ಮ ಕರ್ಮ. ಪ್ರೋಗ್ರಾಮಿಗೆ ಹೆಸರಿಡುವ ವೈಭೋಗವೂ ಹಳೆಯ ಫ್ಯಾನುಕ್‌ಗಳಲ್ಲಿ ಇಲ್ಲ. ಓ ಅಕ್ಷರದ ಮುಂದೆ ನಾಲ್ಕಂಕಿಯ ನಂಬರು, ಅಷ್ಟೇ. ಯಾವ ನಂಬರು ಯಾವ ಜಾಬು ಎಂದು ನೆನಪಿಡಲು ಎಣ್ಣೆ ಕುಡಿದ ನೂರು ಪುಟದ ನೋಟುಬುಕ್ಕು ಬೇಕು. ಆ ಪುಸ್ತಕ ಅಣ್ಣನ ಲಾಕರಿನಲ್ಲಿರುತ್ತದೆ, ಬೀಗದ ಕೈ ಅಣ್ಣನ ಉಡಿದಾರದಲ್ಲಿರುತ್ತದೆ. ಇನ್ನೊಂದು ಉಪಾಯವೂ ಉಂಟು. ಒಂಬತ್ತು ಸಾವಿರದ ಮೇಲಿನ ನಂಬರು ಕೊಟ್ಟು, ಪ್ಯಾರಾಮೀಟರಿನಲ್ಲಿ ಒಂದು ಬಿಟ್ ಬದಲಾಯಿಸಿದರೆ ಆ ಪ್ರೋಗ್ರಾಮನ್ನು ತೆರೆದು ನೋಡಲು, ತಿದ್ದಲು ಆಗುವುದಿಲ್ಲ. ಮಷೀನ್ ತಯಾರಿಸಿದವರು ತಮ್ಮ ಮ್ಯಾಕ್ರೋಗಳನ್ನು ಕಾಪಾಡಿಕೊಳ್ಳಲಿ ಎಂದು ಕೊಟ್ಟ ಸೌಕರ್ಯ ಅದು. ಸಂಬಳ ಹೆಚ್ಚಿಸುವ ಮಾತುಕತೆಯ ತಿಂಗಳಲ್ಲಿ ಅದು ಬೇರೆ ಉಪಯೋಗಕ್ಕೂ ಬರುತ್ತದೆ.

ಈ ಮಿತಭಾಷೆ ಹುಟ್ಟಿದ ಮನೆಯದು. ಫುಜಿತ್ಸು ಕಂಪನಿಯಲ್ಲಿ 1956ರಲ್ಲಿ ಇನಾಬಾ ಸೆಯುಎಮೊನ್ ಎಂಬ ಎಂಜಿನಿಯರ್ ಮುಂದಾಳಾಗಿ ಕಂಟ್ರೋಲು ತಯಾರಿಸುವ ಕೆಲಸ ಶುರುವಾಯಿತು. 1972ರಲ್ಲಿ ಫ್ಯಾನುಕ್ ಬೇರೆ ಕಂಪನಿಯಾಯಿತು. ಫ್ಯೂಜಿ ಪರ್ವತದ ಬುಡದ ಓಶಿನೋ ಎಂಬ ಊರಿನಲ್ಲಿ, ಕಾಡಿನ ನಡುವೆ ಅವರ ಕಾರ್ಖಾನೆಗಳು. ಕಟ್ಟಡ ಹಳದಿ, ರೋಬೋಟು ಹಳದಿ, ಕೆಲಸದವರ ಅಂಗಿಯೂ ಹಳದಿ. ಅರಿಸಿನದ ಮೇಲೆ ಇಷ್ಟು ಪ್ರೀತಿಯಿರುವ ಇನ್ನೊಂದು ಕಂಪನಿ ನನಗೆ ಗೊತ್ತಿಲ್ಲ. ನಮ್ಮ ಅಣ್ಣನಿಗೆ ಇದನ್ನೆಲ್ಲ ಹೇಳಿದಾಗ ಅವರು ತಲೆದೂಗಿ, “ಅದಕ್ಕೇ ನೋಡಿ, ಮಂಗಳಕರವಾಗಿದೆ” ಎಂದರು.

ಆದರೆ ಅದು ತನ್ನ ಬಾಲ್ಯವನ್ನು ಮರೆತಿಲ್ಲ. ಫ್ಯಾನುಕ್ ಕಂಟ್ರೋಲಿನ ನೆನಪಿನ ಶಕ್ತಿ ಎಷ್ಟು ಎಂದು ಅದರ ಕ್ಯಾಟಲಾಗಿನಲ್ಲಿ ನೋಡಿ. ಫೋನಿನವರು ಗಿಗಾಬೈಟು ಅನ್ನುವ ಜಾಗದಲ್ಲಿ ಇವರು 320 ಮೀಟರ್, 640 ಮೀಟರ್ ಅನ್ನುತ್ತಾರೆ. ಮೀಟರ್! ಸೀರೆ ಅಂಗಡಿಯ ಲೆಕ್ಕವಲ್ಲ ಅದು, ಕಾಗದದ ಪಟ್ಟಿಯ ಲೆಕ್ಕ. ಒಂದು ಕಾಲದಲ್ಲಿ ಪ್ರೋಗ್ರಾಮುಗಳನ್ನು ಉದ್ದನೆಯ ಕಾಗದದ ಟೇಪಿನಲ್ಲಿ ತೂತು ಹೊಡೆದು ಬರೆಯುತ್ತಿದ್ದರು, ಒಂದು ಇಂಚಿಗೆ ಹತ್ತು ಅಕ್ಷರ. ಆ ಲೆಕ್ಕದಲ್ಲಿ 640 ಮೀಟರ್ ಅಂದರೆ 256 ಕಿಲೋಬೈಟು. ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಗುಲಾಬಿ ಹೂವು ಅದರಲ್ಲಿ ಹಿಡಿಸುವುದು ಕಷ್ಟ. ಆದರೆ ಕಾರಿನ ಗೇರುಬಾಕ್ಸಿಗೆ ಬೇಕಾದ ಬುಷ್ಷು, ಶಾಫ್ಟು, ಫ್ಲೇಂಜುಗಳ ಪ್ರೋಗ್ರಾಮುಗಳೆಲ್ಲ ಹಿಡಿಸಿ ಜಾಗ ಮಿಗುತ್ತದೆ. ಪ್ರೋಗ್ರಾಮಿನ ಮೊದಲಲ್ಲಿ ಮತ್ತು ಕೊನೆಯಲ್ಲಿ ಹಾಕುವ ಶೇಕಡಾ ಚಿಹ್ನೆಯೂ ಅದೇ ಟೇಪಿನ ಕಾಲದ್ದು. ಸುತ್ತಿಕೊಳ್ಳುವ ಟೇಪಿಗೆ ‘ಇಲ್ಲಿ ನಿಲ್ಲು’ ಎಂದು ಹೇಳಲು ಹಾಕುತ್ತಿದ್ದ ಗುರುತು. ಟೇಪನ್ನು ಕಣ್ಣಿನಿಂದಲೂ ಕಾಣದ ಹುಡುಗರು ಇಂದಿಗೂ ಅದನ್ನು ಭಕ್ತಿಯಿಂದ ಹಾಕುತ್ತಾರೆ, ಕಾಗದದ ಮೇಲೆ ಶ್ರೀ ಬರೆದ ಹಾಗೆ.

ಟೇಪಿನ ಕಾಲದ ಇನ್ನೊಂದು ಪಳೆಯುಳಿಕೆ ಇದೆ. ಅದು ಮಾತ್ರ ತಮಾಷೆಯದಲ್ಲ. ಚುಕ್ಕಿ.

ಚುಕ್ಕಿ ಅಂದರೆ ದಶಾಂಶದ ಬಿಂದು. ಹಳೆಯ ಎನ್‌ಸಿ ಮಷೀನುಗಳಲ್ಲಿ ಟೇಪು ಉಳಿಸಲು ಚುಕ್ಕಿಯನ್ನೇ ಹಾಕುತ್ತಿರಲಿಲ್ಲ. ಬರೆದ ಸಂಖ್ಯೆಯನ್ನೆಲ್ಲ ಮಷೀನು ತನ್ನ ಅತಿ ಸಣ್ಣ ಹೆಜ್ಜೆಯಲ್ಲಿ ಎಣಿಸುತ್ತಿತ್ತು. ಆ ಅಭ್ಯಾಸ ಫ್ಯಾನುಕ್‌ನಲ್ಲಿ ಉಳಿದುಕೊಂಡಿದೆ. ಎಕ್ಸ್ 100 ಎಂದು ಬರೆದು ಮುಂದೆ ಚುಕ್ಕಿ ಹಾಕಿದರೆ ನೂರು ಮಿಲಿಮೀಟರ್. ಚುಕ್ಕಿ ಮರೆತರೆ ನೂರು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಸೀಮೆನ್ಸ್ ಆಗಲಿ ಜರ್ಮನಿಯದೇ ಆದ ಹೈಡನ್‌ಹೈನ್ ಆಗಲಿ ಚುಕ್ಕಿಯ ಗೊಡವೆಗೆ ಹೋಗುವುದಿಲ್ಲ. ನೂರು ಅಂದರೆ ಅಲ್ಲಿ ನೂರೇ.

ಈಗ ಸೀಮೆನ್ಸ್‌ನಲ್ಲಿ ಬೆಳೆದ ಹುಡುಗನೊಬ್ಬ ಕಂಪನಿ ಬದಲಾಯಿಸಿ ಫ್ಯಾನುಕ್ ಲೇತಿನ ಮುಂದೆ ನಿಂತ ಎಂದುಕೊಳ್ಳಿ. ಕೆಲಸ ಬಲ್ಲವನೇ. ಒಂದು ಟೂಲಿನ ಕೆಲಸ ಮುಗಿಯಿತು, ಟರೆಟ್ಟನ್ನು ದೂರ ಕಳಿಸಿ ಮುಂದಿನ ಟೂಲು ತಿರುಗಿಸಬೇಕು. ರೂಢಿಯಂತೆ ಬರೆಯುತ್ತಾನೆ: ಜಿ 0 ಎಕ್ಸ್ 200 ಝಡ್ 100. ಅವನ ಮನಸ್ಸಿನಲ್ಲಿ ಟರೆಟ್ಟು ದೂರದ ಮೂಲೆಗೆ ಹೋಗಿ ನಿಂತಿದೆ. ಮಷೀನಿನ ಮನಸ್ಸಿನಲ್ಲಿ ಇದು ಎಕ್ಸ್ 0.2, ಝಡ್ 0.1. ಅಂದರೆ ತಿರುಗುತ್ತಿರುವ ಜಾಬಿನ ಸರಿಯಾದ ನಡುಮಧ್ಯ, ಮೂತಿಗೆ ಅಂಟಿಕೊಂಡು. ಅಲ್ಲಿಗೆ, ಪೂರ್ತಿ ವೇಗದಲ್ಲಿ. ಆಮೇಲೆ ಆ ಜಾಗದಲ್ಲೇ ಟರೆಟ್ಟು ತಿರುಗಿ ಉದ್ದನೆಯ ಬೋರಿಂಗ್ ಬಾರ್ ಮುಂದಕ್ಕೆ ಬರಬೇಕು. ಬರುತ್ತದೆ. ಆ ಶಬ್ದ ಕೇಳಿದವರು ಕ್ಯಾಂಟೀನಿನಲ್ಲಿದ್ದರೂ ಟೀ ಬಿಟ್ಟು ಓಡಿಬರುತ್ತಾರೆ. ಓಡಿಬಂದವರೆಲ್ಲ ಮೊದಲು ನೋಡುವುದು ಪರದೆಯನ್ನಲ್ಲ, ಹುಡುಗನ ಬೆರಳುಗಳನ್ನು. ಎಣಿಸಿ ಹತ್ತು ಇವೆ ಎಂದಾದ ಮೇಲೆ ಬೈಗುಳ ಶುರು.

ಇದಕ್ಕೆ ಮದ್ದಿಲ್ಲವೆಂದಲ್ಲ. 3401ನೇ ಪ್ಯಾರಾಮೀಟರಿನ ಸೊನ್ನೆಯ ಬಿಟ್ಟನ್ನು ಒಂದು ಮಾಡಿದರೆ ಫ್ಯಾನುಕ್ಕೂ ಕ್ಯಾಲ್ಕುಲೇಟರಿನಂತೆ ನೂರನ್ನು ನೂರೆಂದೇ ಓದುತ್ತದೆ. ಕೆಲವು ಶಾಪುಗಳಲ್ಲಿ ಹೀಗೆ ಮಾಡಿಟ್ಟಿದ್ದಾರೆ. ಅಣ್ಣ ಇದಕ್ಕೆ ಬದ್ಧ ವಿರೋಧಿ. “ಇಲ್ಲಿ ಚುಕ್ಕಿ ಬಿಟ್ಟು ರೂಢಿಯಾದೋನು ನಾಳೆ ಪಕ್ಕದ ಶೆಡ್ಡಿಗೆ ಹೋಗಿ ಹೊಡೀತಾನೆ. ಆ ಪಾಪ ನಂಗ್ಯಾಕೆ?” ಈ ವಿಷಯದಲ್ಲಿ ನಾನು ಅಣ್ಣನ ಕಡೆ. ಅಪಾಯವನ್ನು ಒಂದು ಮಷೀನಿನಿಂದ ತೆಗೆದು ಇನ್ನೊಂದು ಮಷೀನಿಗೆ ಸಾಗಿಸಿದರೆ ಅದು ಕಡಿಮೆಯಾದಂತಲ್ಲ.

ಎರಡು ಕಂಪನಿಗಳ ನಡುವೆ ಭೇದವಿದ್ದರೆ ಸರಿ, ಹೊಂದಿಕೊಳ್ಳಬಹುದು. ಒಂದೇ ಕಂಪನಿಯ ಎರಡು ಮಕ್ಕಳು ಬೇರೆ ಬೇರೆ ಮಾತಾಡಿದರೆ? ವಿಎಂಸಿ ಎಂಬ ಮಿಲ್ಲಿಂಗ್ ಮಷೀನಿನಲ್ಲಿ ಜಿ 90 ಅಂದರೆ ‘ಅಳತೆಯನ್ನೆಲ್ಲ ಸೊನ್ನೆಯಿಂದ ಹಿಡಿ’ ಎಂದು. ಫ್ಯಾನುಕ್ ಲೇತಿನಲ್ಲಿ ಸಾಮಾನ್ಯವಾಗಿ ಅದೇ ಜಿ 90 ಅಂದರೆ ಒಂದು ಟರ್ನಿಂಗ್ ಸೈಕಲ್ಲು. ವಿಎಂಸಿಯಲ್ಲಿ ಜಿ 98, ಜಿ 99 ಅಂದರೆ ತೂತು ಕೊರೆದ ಮೇಲೆ ಡ್ರಿಲ್ಲು ಎಷ್ಟು ಮೇಲಕ್ಕೆ ಬರಬೇಕು ಅನ್ನುವ ಸಂಗತಿ. ಲೇತಿನಲ್ಲಿ ಅವು ಫೀಡಿನ ಲೆಕ್ಕ: ಜಿ 99 ಆದರೆ ಒಂದು ಸುತ್ತಿಗೆ ಇಷ್ಟು, ಜಿ 98 ಆದರೆ ಒಂದು ನಿಮಿಷಕ್ಕೆ ಇಷ್ಟು. ಜಿ 98 ಉಳಿದುಹೋದ ಲೇತಿನಲ್ಲಿ ಎಫ್ 0.2 ಕೊಟ್ಟು ನೋಡಿ. ಸ್ಪಿಂಡಲ್ ಗುಂಯ್ ಎಂದು ತಿರುಗುತ್ತದೆ, ಕೂಲೆಂಟ್ ಧಾರಾಳವಾಗಿ ಸುರಿಯುತ್ತದೆ, ಟೂಲು ಮಾತ್ರ ನಿಂತಲ್ಲೇ ನಿಂತಂತೆ ಕಾಣುತ್ತದೆ. ನಿಂತಿಲ್ಲ ಅದು, ನಿಮಿಷಕ್ಕೆ 0.2 ಮಿಲಿಮೀಟರಿನಂತೆ ಹೋಗುತ್ತಿದೆ. ನೂರು ಮಿಲಿಮೀಟರಿನ ಶಾಫ್ಟು ಮುಗಿಯುವಷ್ಟರಲ್ಲಿ ಶಿಫ್ಟೇ ಮುಗಿದಿರುತ್ತದೆ. ಇಂಥದ್ದೊಂದು ಮಷೀನಿನ ಮುಂದೆ ಹೊಸ ಹುಡುಗನೊಬ್ಬ ತುಂಬ ಹೊತ್ತು ಕೈಕಟ್ಟಿ ನಿಂತಿದ್ದ. ಯಾಕಪ್ಪಾ ಎಂದರೆ, “ಫಿನಿಶಿಂಗ್ ಚೆನ್ನಾಗ್ ಬರ್ಲಿ ಅಂತ ನಿಧಾನ ಹೋಗ್ತಿದೆ ಸಾರ್” ಎಂದ. ಅವನ ಆಶಾವಾದಕ್ಕೆ ನಾನು ಮಣಿದೆ.

ಸೀಮೆನ್ಸ್ ಪಕ್ಷದ ನಾಯಕ ನಮ್ಮಲ್ಲಿ ಹಾಸನದ ಕಡೆಯ ಒಬ್ಬ ಡಿಪ್ಲೊಮಾ ಹುಡುಗ. ಅವನ ಪ್ರಕಾರ ಫ್ಯಾನುಕ್ ಅಂದರೆ ಅಜ್ಜಂದಿರ ಗುಂಡಿಫೋನು. “ಅಣ್ಣಾ, ಇಲ್ನೋಡಿ” ಎಂದು ಅವನು ಷಾಪ್‌ಟರ್ನ್ ತೆರೆದು ತೋರಿಸುತ್ತಾನೆ. ಡ್ರಾಯಿಂಗಿನಲ್ಲಿರುವ ಅಳತೆಗಳನ್ನು ಒಂದೊಂದೇ ಚೌಕದಲ್ಲಿ ತುಂಬಿದರೆ ಪರದೆಯ ಮೇಲೆ ಜಾಬಿನ ಚಿತ್ರ ತಾನೇ ಬೆಳೆಯುತ್ತದೆ. ಸಿಮ್ಯುಲೇಶನ್ ಒತ್ತಿದರೆ ಬಣ್ಣಬಣ್ಣದ ಟೂಲು ಬಂದು ಬಣ್ಣಬಣ್ಣದ ಜಾಬನ್ನು ಕೆತ್ತುತ್ತದೆ. ಅಣ್ಣ ಕನ್ನಡಕ ಹಣೆಗೇರಿಸಿ ನೋಡುತ್ತಾರೆ. “ಸಿನಿಮಾ ಚೆನ್ನಾಗಿದೆ. ಜಾಬೆಲ್ಲಿ?”

ಅಲ್ಲಿ ಪ್ರೋಗ್ರಾಮಿಗೆ ಹೆಸರಿಡಬಹುದು, ಟೂಲಿಗೂ ಹೆಸರಿಡಬಹುದು. ಇದು ವರವೂ ಹೌದು, ಶಾಪವೂ ಹೌದು. ಸ್ವಾತಂತ್ರ್ಯ ಸಿಕ್ಕಿದ ಕೂಡಲೇ ನಮ್ಮ ಹುಡುಗರು ಇಟ್ಟ ಹೆಸರುಗಳು: ಬುಷ್ ಫೈನಲ್, ಬುಷ್ ಫೈನಲ್ ಒಂದು, ಬುಷ್ ಫೈನಲ್ ಓಕೆ, ಬುಷ್ ಹೊಸದು ಫೈನಲ್. ಇದರಲ್ಲಿ ಯಾವುದು ಫೈನಲ್ ಎಂದು ಕೇಳಿದರೆ ಇಟ್ಟವನು ರಜೆಯಲ್ಲಿರುತ್ತಾನೆ. ನಾಲ್ಕಂಕಿಯ ನಂಬರಿಗೂ ಅದರದ್ದೇ ಆದ ಶಿಸ್ತಿತ್ತು ಎಂದು ಆಗ ನನಗೂ ಅನ್ನಿಸಿದ್ದುಂಟು.

ಊಟದ ವಿರಾಮದಲ್ಲಿ ಈ ಎರಡು ಪಕ್ಷಗಳ ಚರ್ಚೆ ಕೇಳಬೇಕು. ಮೂತಿಯನ್ನು ಕೇಂದ್ರದವರೆಗೆ ಫೇಸಿಂಗ್ ಮಾಡುವಾಗ ಸ್ಪಿಂಡಲ್ಲಿನ ವೇಗ ಏರುತ್ತಲೇ ಹೋಗುತ್ತದೆ. ಅದಕ್ಕೊಂದು ಮಿತಿ ಹಾಕಬೇಕು. ಫ್ಯಾನುಕ್ ಲೇತಿನಲ್ಲಿ ಜಿ 50 ಎಸ್ 2500 ಎಂದು ಹಾಕುತ್ತಾರೆ, ಸೀಮೆನ್ಸ್‌ನಲ್ಲಿ ಲಿಮ್ಸ್ ಎಂದು ಬರೆದು 2500 ಎನ್ನುತ್ತಾರೆ. ಕೆಲಸ ಒಂದೇ. ಆದರೆ ಇದರ ಬಗ್ಗೆ ಅನ್ನ ಸಾರು ಮುಗಿದು ಮಜ್ಜಿಗೆ ಬರುವವರೆಗೂ ವಾದ ನಡೆದದ್ದಿದೆ. “ನಿಮ್ಮ ಸೀಮೆನ್ಸ್‌ನಲ್ಲೇ ಜಿ 291 ಹಾಕಿದ್ರೆ ನಮ್ ಭಾಷೆ ಓದುತ್ತೆ ಗೊತ್ತೇನೋ?” ಎಂದು ಅಣ್ಣ ಕೊನೆಯ ಬಾಣ ಬಿಡುತ್ತಾರೆ. ಅದೂ ನಿಜ. ಫ್ಯಾನುಕ್ ಮಾದರಿಯಲ್ಲಿ ಬರೆದ ಪ್ರೋಗ್ರಾಮನ್ನು ಓದಲು ಸೀಮೆನ್ಸ್ ಒಂದು ಬಾಗಿಲು ಇಟ್ಟುಕೊಂಡಿದೆ. “ಅದು ನಮ್ಮ ದೊಡ್ಡಗುಣ ಅಣ್ಣ” ಎಂದು ಹುಡುಗ ಮಜ್ಜಿಗೆ ಕುಡಿಯುತ್ತಾನೆ.

ನಾನು ಗಮನಿಸಿದ್ದು ಇಷ್ಟು: ವಾದ ಮಾಡುವ ಯಾರೂ ಎರಡನ್ನೂ ಕಲಿತು, ತೂಗಿ ನೋಡಿ, ಒಂದನ್ನು ಆರಿಸಿಕೊಂಡವರಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಯಾವ ಶೆಡ್ಡಿನಲ್ಲಿ ಕೆಲಸ ಸಿಕ್ಕಿತೋ ಆ ಶೆಡ್ಡಿನ ಮಾಲೀಕ ಯಾವ ಮಷೀನಿಗೆ ಸಾಲ ತೆಗೆದಿದ್ದನೋ ಅದೇ ಇವರ ಜಗತ್ತಿನ ಅತ್ಯುತ್ತಮ ಕಂಟ್ರೋಲು. ಕೈಗೆ ಮೊದಲು ಕೂತ ಗುಂಡಿಗಳ ಜಾಗ ಬೆರಳಿನಿಂದ ಹೋಗುವುದಿಲ್ಲ. ಆಫ್‌ಸೆಟ್ ಪುಟ ಎಲ್ಲಿದೆ ಎಂದು ಅಣ್ಣನನ್ನು ಬಾಯಲ್ಲಿ ಹೇಳಲು ಕೇಳಿ, ತಡವರಿಸುತ್ತಾರೆ. ಮಷೀನಿನ ಮುಂದೆ ನಿಲ್ಲಿಸಿ, ಪರದೆ ನೋಡದೆ ನನ್ನೊಡನೆ ಮಾತಾಡುತ್ತಲೇ ಬೆರಳು ಅಲ್ಲಿಗೆ ಹೋಗಿರುತ್ತದೆ. ಟೂಲು ಸವೆದಷ್ಟು ತಿದ್ದುವ ವೇರ್ ಕಾಲಮ್ಮಿನಲ್ಲಿ ಇದ್ದುದಕ್ಕೆ ಹತ್ತು ಮೈಕ್ರಾನ್ ಸೇರಿಸಬೇಕಾದರೆ ಪ್ಲಸ್-ಇನ್‌ಪುಟ್ ಒತ್ತಬೇಕು, ಬರೀ ಇನ್‌ಪುಟ್ ಒತ್ತಿದರೆ ಹಳೆಯದು ಅಳಿಸಿ ಹತ್ತು ಮಾತ್ರ ಉಳಿಯುತ್ತದೆ. ನನ್ನ ಟೇಬಲ್ಲಿಗೆ ಬರುವ ರಿಜೆಕ್ಷನ್‌ಗಳಲ್ಲಿ ಈ ಎರಡು ಗುಂಡಿಗಳ ನಡುವಿನ ಅಂತರದಲ್ಲಿ ಹುಟ್ಟಿದವು ಎಷ್ಟೋ. ಅಣ್ಣನ ಬೆರಳಿಗೆ ಮಾತ್ರ ಆ ಅಂತರ ಕತ್ತಲಲ್ಲೂ ಗೊತ್ತು.

ಇನ್ನು ಅಲ್ಪಸಂಖ್ಯಾತರ ಪಕ್ಷಗಳು. ಡೈ, ಮೋಲ್ಡ್ ಮಾಡುವ ಟೂಲ್‌ರೂಮಿನವರಲ್ಲಿ ಹೈಡನ್‌ಹೈನ್ ಭಕ್ತರು ಸಿಗುತ್ತಾರೆ. 1889ರಲ್ಲಿ ಬರ್ಲಿನ್‌ನಲ್ಲಿ ಲೋಹದ ಮೇಲೆ ಅಕ್ಷರ, ಅಳತೆಗೆರೆ ಮೂಡಿಸುವ ಅಂಗಡಿಯಾಗಿ ಹುಟ್ಟಿದ ಕಂಪನಿ ಅದು. ಅವರ ಕಂಟ್ರೋಲಿನಲ್ಲಿ ಜಿ ಇಲ್ಲದೆಯೂ ಬರೆಯಬಹುದು: ಸರಳರೇಖೆಗೆ ಎಲ್, ಟೂಲ್ ಕರೆಯಲು ಟೂಲ್ ಕಾಲ್, ಪೂರ್ತಿ ವೇಗಕ್ಕೆ ಎಫ್‌ಮ್ಯಾಕ್ಸ್. ಅದನ್ನು ಬಳಸುವವರು ಸಾಮಾನ್ಯವಾಗಿ ಚಪ್ಪಲಿ ಹೊರಗೆ ಬಿಟ್ಟು ಎ.ಸಿ. ಕೋಣೆಯಲ್ಲಿ ಕೆಲಸ ಮಾಡುವವರು. ನಮ್ಮಂಥ ಬುಷ್ಷು ಹೊಡೆಯುವವರ ಜೊತೆ ವಾದಕ್ಕೆ ಇಳಿಯುವುದಿಲ್ಲ. ಮಜಾಕ್‌ನವರು 1981ರಲ್ಲೇ ಮಜಟ್ರೋಲ್ ಎಂಬುದನ್ನು ತಂದರು. ಅದು ನಮ್ಮನ್ನೇ ಪ್ರಶ್ನೆ ಕೇಳುತ್ತದೆ: ಮೆಟೀರಿಯಲ್ ಯಾವುದು, ಹೊರವ್ಯಾಸ ಎಷ್ಟು, ಉದ್ದ ಎಷ್ಟು. ಉತ್ತರ ಕೊಡುತ್ತ ಹೋದರೆ ಪ್ರೋಗ್ರಾಮು ತಾನೇ ಆಗುತ್ತದೆ. ಅಮೆರಿಕದ ಹಾಸ್‌ನವರು ಮಷೀನು, ಕಂಟ್ರೋಲು ಎರಡನ್ನೂ ತಾವೇ ಮಾಡುತ್ತಾರೆ. 1988ರಲ್ಲಿ ತಮ್ಮ ಮೊದಲ ವಿಎಂಸಿಯನ್ನು 50 ಸಾವಿರ ಡಾಲರಿಗಿಂತ ಕಡಿಮೆಗೆ ಕೊಡುತ್ತೇವೆ ಎಂದು ಎಲ್ಲರ ಹುಬ್ಬೇರಿಸಿದರು. ಈಗ ಆ ಮಾಲೀಕರ ಹೆಸರಿನ ಕಾರುಗಳು ಫಾರ್ಮುಲಾ ಒನ್ನಿನಲ್ಲೂ ಓಡುತ್ತವೆ. ಒಕುಮಾ ಕೂಡ ಹೀಗೆಯೇ, ಕಬ್ಬಿಣವೂ ತನ್ನದು, ಕಂಟ್ರೋಲೂ ತನ್ನದು.

ಎರಡೂ ಒಂದೇ ಮನೆಯದಾದರೆ ಏನು ಲಾಭ ಎಂದು ಕೇಳಬಹುದು. ಲಾಭ ತಿಳಿಯುವುದು ಮಷೀನು ನಿಂತ ದಿನ. ಎರಡು ಮನೆಯದಾದರೆ ಮಷೀನಿನವನಿಗೆ ಫೋನ್ ಮಾಡಿದಾಗ “ಅದು ಕಂಟ್ರೋಲ್ ಪ್ರಾಬ್ಲಂ ಸಾರ್” ಅನ್ನುತ್ತಾನೆ. ಕಂಟ್ರೋಲಿನವನಿಗೆ ಫೋನ್ ಮಾಡಿದರೆ “ಮೆಕ್ಯಾನಿಕಲ್ ಚೆಕ್ ಮಾಡ್ಸಿ ಸಾರ್” ಅನ್ನುತ್ತಾನೆ. ಹೀಗೆ ಇಬ್ಬರೂ ಬಾರದೆ ನಿಂತ ಒಂದು ಮಷೀನನ್ನು ನಮ್ಮ ಎಲೆಕ್ಟ್ರಿಷಿಯನ್ ಎಣ್ಣೆಯಲ್ಲಿ ನೆಂದ ಒಂದು ಲಿಮಿಟ್ ಸ್ವಿಚ್ಚನ್ನು ಒರೆಸಿ ಸರಿಮಾಡಿದ. ಅವನಿಗೆ ಎರಡೂ ಕಂಪನಿಗಳಿಂದ ಏನೂ ಸಿಗಲಿಲ್ಲ, ನಮ್ಮಿಂದ ಮಸಾಲೆದೋಸೆ ಸಿಕ್ಕಿತು.

ಬ್ಯಾಟರಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಷ್ಟೋ ಫ್ಯಾನುಕ್ ಮಷೀನುಗಳಲ್ಲಿ ಟೂಲು ಎಲ್ಲಿ ನಿಂತಿದೆ ಎಂಬ ನೆನಪನ್ನು ಕರೆಂಟು ಹೋದಾಗಲೂ ಕಾಪಾಡುವುದು ನಾಲ್ಕು ದೊಡ್ಡ ಟಾರ್ಚು ಸೆಲ್ಲುಗಳು. ಲಕ್ಷಾಂತರ ರೂಪಾಯಿಯ ಮಷೀನಿನ ಜ್ಞಾಪಕಶಕ್ತಿ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಪರದೆಯ ಕೆಳಗೆ ‘ಬ್ಯಾಟ್’ ಎಂದು ಮಿಣಮಿಣ ಅನ್ನತೊಡಗಿದರೆ ಬದಲಾಯಿಸಬೇಕು. ಅದೂ ಮಷೀನಿನ ಪವರ್ ಆನ್ ಇಟ್ಟುಕೊಂಡೇ ಬದಲಾಯಿಸಬೇಕು. ಮನೆಯಲ್ಲಿ ಫ್ಯೂಸು ಹಾಕುವ ಎಚ್ಚರದಿಂದ ಮೇನ್ ಸ್ವಿಚ್ ಆರಿಸಿ ಸೆಲ್ಲು ತೆಗೆದರೆ ಮಷೀನಿಗೆ ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ, 300ನೇ ನಂಬರಿನ ಅಲಾರಂ ಹೊತ್ತುಕೊಂಡು ಕೂರುತ್ತದೆ. ನಮ್ಮಲ್ಲಿ ಈ ಸೆಲ್ಲುಗಳನ್ನು ಸ್ಟೋರ್ಸಿನವರು ಬೀರುವಿನಲ್ಲಿ ಇಡುತ್ತಾರೆ. ಬೇಕಾದಾಗ ಅಲ್ಲಿರುವುದಿಲ್ಲ. ರಾತ್ರಿ ವಾಚ್‌ಮನ್ನನ ಟಾರ್ಚು ಮಾತ್ರ ವರ್ಷವಿಡೀ ಪ್ರಖರವಾಗಿ ಉರಿಯುತ್ತದೆ.

ಒಂದು ಶಾಪಿನ ಚರಿತ್ರೆ ತಿಳಿಯಬೇಕಾದರೆ ಗುಂಡಿಗಳನ್ನು ನೋಡಬೇಕು. ಒಂದೇ ಜಾಬನ್ನು ಸಾವಿರಗಟ್ಟಲೆ ಮಾಡುವ ಕಡೆ ಸೈಕಲ್ ಸ್ಟಾರ್ಟಿನ ಹಸಿರು ಬಣ್ಣ ಹೋಗಿ ಬಿಳಿಯಾಗಿರುತ್ತದೆ, ಅಕ್ಷರಗಳ ಗುಂಡಿಗಳು ಕಂಪನಿಯಿಂದ ಬಂದಂತೆಯೇ ಮಿರುಗುತ್ತಿರುತ್ತವೆ. ದಿನಕ್ಕೊಂದು ಜಾಬ್ ವರ್ಕ್ ಹಿಡಿಯುವ ಕಡೆ ಆಲ್ಟರ್, ಇನ್ಸರ್ಟ್, ಡಿಲೀಟ್ ಸವೆದಿರುತ್ತವೆ. ರಿಸೆಟ್ ಸವೆದಿರುವ ಕಡೆ ಕೆಲಸಕ್ಕೆ ಸೇರಬೇಡಿ. ಆಯುಧಪೂಜೆಯ ದಿನ ಈ ಗುಂಡಿಗಳಿಗೆಲ್ಲ ಅರಿಸಿನ ಕುಂಕುಮ ಬೀಳುತ್ತದೆ. ಪರದೆಗೆ ಅಡ್ಡ ವಿಭೂತಿ, ಟರೆಟ್ಟಿಗೆ ಸೇವಂತಿಗೆ ಹಾರ, ಬಾಗಿಲಿಗೆ ಬಾಳೆಕಂದು. ಪೂಜೆಯ ಮಾರನೆಯ ದಿನ ಗುಂಡಿಗಳ ಸಂದಿಯಿಂದ ಕುಂಕುಮ ತೆಗೆಯಲು ಹುಡುಗರು ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂರುತ್ತಾರೆ. ಆ ದಿನವೊಂದು ಫ್ಯಾನುಕ್ಕು, ಸೀಮೆನ್ಸು ಎಂಬ ಭೇದ ನಮ್ಮಲ್ಲಿ ಇರುವುದಿಲ್ಲ.

ಪೂಜೆ ಮಾಡಿದ ಕೈಯೇ ಬಾಗಿಲಿನ ಸೇಫ್ಟಿ ಸ್ವಿಚ್ಚಿಗೆ ಅಯಸ್ಕಾಂತದ ತುಂಡು ಅಂಟಿಸುವುದನ್ನೂ ನೋಡಿದ್ದೇನೆ. ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದು ಕಂಟ್ರೋಲು ನಂಬಲಿ ಎಂದು. ಒಂದು ಪೀಸಿಗೆ ಕೆಲವು ಸೆಕೆಂಡು ಉಳಿಯುತ್ತದಂತೆ. ಈ ಒಂದು ವಿಷಯದಲ್ಲಿ ನನಗೆ ನಗು ಬರುವುದಿಲ್ಲ. ಕಂಟ್ರೋಲು ಯಾವುದೇ ಇರಲಿ, ಅದಕ್ಕೆ ಸುಳ್ಳು ಹೇಳುವವರ ಕೈಯನ್ನು ಅದು ಕಾಪಾಡಲಾರದು.

ಜನವರಿಯಲ್ಲಿ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ನಡೆದಾಗ ಹುಡುಗರು ಗುಂಪುಗುಂಪಾಗಿ ಹೋಗುತ್ತಾರೆ. ಕ್ಯಾಟಲಾಗು ತುಂಬಿದ ಚೀಲ ಹೊತ್ತು ಬರುತ್ತಾರೆ. ಅಲ್ಲಿ ಕಂಟ್ರೋಲುಗಳೆಲ್ಲ ಬೆರಳು ತಾಗಿಸಿದರೆ ತೆರೆಯುವ ಪರದೆಗಳಾಗಿವೆ. ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಮೊದಲ ಎನ್‌ಸಿ ಮಿಲ್ಲಿಂಗ್ ಮಷೀನು ಓಡಿದಾಗ ಅದರ ಕಂಟ್ರೋಲು ನೂರಾರು ವ್ಯಾಕ್ಯೂಮ್ ಟ್ಯೂಬುಗಳ ದೊಡ್ಡ ಬೀರುವಾಗಿತ್ತು; ನಮ್ಮ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿದ್ದು ಅದರ ಮರುವರ್ಷ. ಇಷ್ಟು ದೂರ ಬಂದಿದ್ದೇವೆ. ಪ್ರದರ್ಶನದಿಂದ ಬಂದ ಹುಡುಗನನ್ನು ಏನು ನೋಡಿದೆಯಪ್ಪಾ ಎಂದರೆ, “ಟಚ್ ಸ್ಕ್ರೀನ್ ಸಾರ್, ಆದ್ರೆ ಕೈಗೆ ಎಣ್ಣೆಯಿದ್ರೆ ಕಷ್ಟ” ಎಂದ. ಯಾವ ಕ್ಯಾಟಲಾಗಿನಲ್ಲೂ ಇಲ್ಲದ ವಿಮರ್ಶೆ.

ಮೊನ್ನೆ ನಮ್ಮ ಮಾಲೀಕರು ಹೊಸ ಲೇತು ಕೊಳ್ಳಲು ಹೊರಟರು. ಯಾವ ಕಂಟ್ರೋಲು ಹಾಕಿಸಬೇಕು ಎಂದು ಸಭೆ ಕರೆದರು. ಹಾಸನದ ಹುಡುಗ ಬಣ್ಣದ ಚಿತ್ರಗಳ ಬಗ್ಗೆ ಮಾತಾಡಿದ. ಅಣ್ಣ ಸುಮ್ಮನೆ ಕೂತಿದ್ದರು. ಕೊನೆಗೆ ಅಕೌಂಟ್ಸಿನವರು ಕೇಳಿದ ಪ್ರಶ್ನೆಯೇ ತೀರ್ಮಾನ ಮಾಡಿತು: “ಇವರಿಬ್ಬರೂ ಬಿಟ್ಟುಹೋದರೆ ಮಾರನೇ ದಿನ ಗೇಟಿನ ಹತ್ತಿರ ಯಾವ ಕಂಟ್ರೋಲಿನವನು ಸಿಗ್ತಾನೆ?” ಫ್ಯಾನುಕ್ ಬಂತು. ಗುಣ ನೋಡಿ ಬಂದದ್ದಲ್ಲ, ಜನ ನೋಡಿ ಬಂದದ್ದು. ಅದು ಹೆಚ್ಚು ಇರುವುದರಿಂದ ಜನ ಅದನ್ನೇ ಕಲಿಯುತ್ತಾರೆ, ಜನ ಕಲಿತಿರುವುದರಿಂದ ಅದನ್ನೇ ಕೊಳ್ಳುತ್ತಾರೆ. ಈ ಚಕ್ರದ ಹೊರಗೆ ನಿಂತು ಯಾವುದು ನಿಜವಾಗಿ ಒಳ್ಳೆಯದು ಎಂದು ಹೇಳುವವರು ನನಗೆ ಇನ್ನೂ ಸಿಕ್ಕಿಲ್ಲ. ಹಾಸನದ ಹುಡುಗ ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದ. ಈಗ ಚುಕ್ಕಿ ಹಾಕಲು ಕಲಿತಿದ್ದಾನೆ, ಅಣ್ಣನೇ ಪಕ್ಕದಲ್ಲಿ ನಿಂತು ಕಲಿಸಿದರು.

ಆ ಸಭೆಗೆ ಕರೆಯದೆ ಬಿಟ್ಟದ್ದು ಒಬ್ಬನನ್ನು ಮಾತ್ರ: ಹೊಸ ಲೇತನ್ನು ರಾತ್ರಿ ಪಾಳಿಯಲ್ಲಿ ಒಬ್ಬನೇ ಓಡಿಸಬೇಕಾದ ಆಪರೇಟರನ್ನು. ಮಷೀನು ಕೊಳ್ಳುವ ಯಜಮಾನರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಆರ್ಡರಿಗೆ ಸಹಿ ಹಾಕುವ ಮೊದಲು ಅವನನ್ನೂ ಒಂದು ಮಾತು ಕೇಳಿ.